ವಿದ್ಯುತ್ ನಕ್ಷೆಯೂ ಕಂಟ್ರೋಲರ್ ಪ್ರೋಗ್ರಾಮೂ: ಒಂದು ವಿಮರ್ಶೆ

ಕಾರ್ಖಾನೆಯ ಯಂತ್ರವೊಂದನ್ನು ಕುರಿತು ಇಂದು ಎರಡು ಬರವಣಿಗೆಗಳು ಸಿದ್ಧವಾಗುತ್ತವೆ. ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿ ಸೇರುವುದೆಂದು ತೋರಿಸುವ ವಿದ್ಯುತ್ ನಕ್ಷೆ ಮೊದಲನೆಯದು. ಯಾವ ಸಂಕೇತ ಬಂದಾಗ ಯಂತ್ರವು ಏನು ಮಾಡಬೇಕೆಂದು ವಿಧಿಸುವ ಕಂಟ್ರೋಲರ್ ಪ್ರೋಗ್ರಾಂ ಎರಡನೆಯದು. ಇವನ್ನು ರಚಿಸುವ ತಂತ್ರಾಂಶಗಳನ್ನು ಒಂದಕ್ಕೊಂದು ಜೋಡಿಸಿದರೆ ಒಂದೇ ವಿಷಯವನ್ನು ಎರಡು ಸಲ ಬರೆಯುವ ಶ್ರಮವೂ ಅದರಿಂದ ಹುಟ್ಟುವ ತಪ್ಪುಗಳೂ ಇಲ್ಲವಾಗುವುವೆಂಬ ಮಾತು ಪ್ರಚಾರದಲ್ಲಿದೆ. ಅದು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಮ್ಯಾಟಿಕ್ ವಿಭಾಗವು ರಿಲೇ ಪ್ಯಾನೆಲುಗಳಿಗೆ ಬದಲಾಗಿ ನಿಲ್ಲಬಲ್ಲ ಉಪಕರಣವೊಂದನ್ನು ಬಯಸಿತು. ಉತ್ಪಾದನೆಯ ಕ್ರಮ ಬದಲಾದಾಗಲೆಲ್ಲ ತಂತಿಗಳನ್ನು ಕಿತ್ತು ಮತ್ತೆ ಕಟ್ಟಬೇಕಾಗಿದ್ದ ಕಷ್ಟವೇ ಇದಕ್ಕೆ ಕಾರಣ. ಡಿಕ್ ಮಾರ್ಲಿಯವರೂ ಬೆಡ್‌ಫರ್ಡ್ ಅಸೋಸಿಯೇಟ್ಸ್‌ನ ಅವರ ಸಂಗಡಿಗರೂ ರೂಪಿಸಿದ ಮಾಡಿಕಾನ್ 084 ಎಂಬ ಕಂಟ್ರೋಲರು 1969ರಲ್ಲಿ ಬಂದಿತು. ರಿಲೇ ನಕ್ಷೆಯ ಏಣಿರೂಪವೇ ಪ್ರೋಗ್ರಾಮಿಗೂ ಭಾಷೆಯಾಯಿತು. ವಿದ್ಯುತ್ ಕೆಲಸಗಾರನು ಹೊಸ ಲಿಪಿಯನ್ನು ಕಲಿಯಬೇಕಾಗಲಿಲ್ಲ. ಆದಕಾರಣ ನಕ್ಷೆಯೂ ಪ್ರೋಗ್ರಾಮೂ ಹುಟ್ಟಿನಲ್ಲಿ ಒಂದೇ ವಂಶದವೆಂದು ಹೇಳಬೇಕು. ಇಂದು ಐಇಸಿ 61131-3 ಎಂದು ಕರೆಯಲಾಗುವ ಮಾನಕವು 1993ರಲ್ಲಿ ಮೊದಲು ಪ್ರಕಟವಾದಾಗ ಏಣಿನಕ್ಷೆಯೊಡನೆ ಅಕ್ಷರರೂಪದ ಭಾಷೆಗಳಿಗೂ ಸ್ಥಾನವಿತ್ತಿತು. ಅವುಗಳಲ್ಲಿ ಬರೆದ ಪ್ರೋಗ್ರಾಮಿನಲ್ಲಿ ನಕ್ಷೆಯ ಮುಖಚಹರೆ ಉಳಿದಿಲ್ಲ.

ಈಗಿನ ಜೋಡಣೆಗೆ ಇಪ್ಲಾನ್ ಎಂಬ ನಕ್ಷಾತಂತ್ರಾಂಶವೂ ಸೀಮೆನ್ಸ್ ಸಂಸ್ಥೆಯ ಟಿಐಎ ಪೋರ್ಟಲೂ ಒಳ್ಳೆಯ ಉದಾಹರಣೆ. ಇವು ಆಟೊಮೇಷನ್‌ಎಂಎಲ್ ಎಂಬ ಸಾಮಾನ್ಯ ರೂಪದ ಕಡತದ ಮೂಲಕ ಮಾಹಿತಿಯನ್ನು ಕೊಟ್ಟು ಕೊಳ್ಳುತ್ತವೆ. ಕಂಟ್ರೋಲರಿನ ಮಾಡ್ಯೂಲುಗಳು, ಅವುಗಳ ಕ್ರಮ, ಸಂಕೇತಗಳ ಹೆಸರು ಮತ್ತು ವಿಳಾಸ, ಇಷ್ಟೂ ಹಾಗೆ ದಾಟಿ ಹೋಗುತ್ತವೆ. ಇದು ಅಲ್ಪಲಾಭವಲ್ಲ, ನೂರಾರು ಸಂಕೇತಗಳಲ್ಲಿ ಒಂದರ ವಿಳಾಸ ತಪ್ಪಿದರೂ ಬೇರೊಂದು ಮೋಟಾರು ತಿರುಗೀತು. ಆದರೆ ಹೆಸರು ದಾಟಿದೊಡನೆ ಅರ್ಥವೂ ದಾಟಿತೆಂದು ಭಾವಿಸುವುದು ಸರಿಯಲ್ಲ.

ಯಂತ್ರವನ್ನು ನಿಲ್ಲಿಸುವ ಸಾಮಾನ್ಯ ಗುಂಡಿಯನ್ನೇ ತೆಗೆದುಕೊಳ್ಳೋಣ. ನಕ್ಷೆಯಲ್ಲಿ ಅದು ಮುಚ್ಚಿದ ಸಂಪರ್ಕ. ಒತ್ತದಿರುವಾಗ ವಿದ್ಯುತ್ತು ಹರಿಯುತ್ತದೆ. ಒತ್ತಿದರೂ ತಂತಿ ಕಡಿದರೂ ಹರಿವು ನಿಂತು ಯಂತ್ರ ನಿಲ್ಲುತ್ತದೆ. ಕಂಟ್ರೋಲರು ಸುಸ್ಥಿತಿಯಲ್ಲಿ ಇದನ್ನು 1 ಎಂದು ಓದುವುದರಿಂದ ಪ್ರೋಗ್ರಾಮಿನಲ್ಲಿ ತೆರೆದ ಸಂಪರ್ಕದ ಚಿಹ್ನೆಯನ್ನೇ ಬರೆಯಬೇಕು. ನಕ್ಷೆಯ ಚಿಹ್ನೆ ವಸ್ತುವನ್ನು ಹೇಳುತ್ತದೆ. ಪ್ರೋಗ್ರಾಮಿನ ಚಿಹ್ನೆ ‘ಈಗ 1 ಇದೆಯೇ?’ ಎಂದು ಕೇಳುತ್ತದೆ. ಈ ಭೇದವನ್ನರಿಯದೆ ಮುಚ್ಚಿದ ಸಂಪರ್ಕವನ್ನೇ ನಕಲುಮಾಡಿದರೆ ಯಂತ್ರ ಹೊರಡದು. ಆಗ ಗುಂಡಿಯದೇ ದೋಷವೆಂದು ಬಗೆದು ಅದಕ್ಕೆ ತೆರೆದ ಸಂಪರ್ಕವನ್ನು ಹಾಕಿದರೆ ಯಂತ್ರ ಹೊರಡುತ್ತದೆ, ದೋಷ ಮರೆಯಾಗುತ್ತದೆ. ತಂತಿ ಕಡಿದ ದಿನ ಗುಂಡಿಯನ್ನೊತ್ತಿದರೂ ಅದು ನಿಲ್ಲುವುದಿಲ್ಲ. ಹೆಸರೂ ವಿಳಾಸವೂ ಕಡೆಯವರೆಗೆ ಸರಿಯಾಗಿಯೇ ಇದ್ದವೆಂಬುದು ಗಮನಾರ್ಹ.

ಎರಡನೆಯ ಆಕ್ಷೇಪ ಪ್ರಾಮಾಣ್ಯವನ್ನು ಕುರಿತದ್ದು. ಯಂತ್ರವನ್ನು ನಡೆಯಿಸಿ ನೋಡುವಾಗ ಕೆಟ್ಟ ಟರ್ಮಿನಲ್ಲಿನಿಂದ ತಂತಿಯನ್ನು ಪಕ್ಕಕ್ಕೆ ಸರಿಸಿ, ಪ್ರೋಗ್ರಾಮಿನಲ್ಲಿ ವಿಳಾಸವನ್ನು ತಿದ್ದುವುದು ವಾಡಿಕೆ. ನಕ್ಷೆ ಮಾತ್ರ ಹಳೆಯದಾಗಿಯೇ ಉಳಿಯುತ್ತದೆ. ಮತ್ತೊಮ್ಮೆ ನಕ್ಷೆಯಿಂದ ಮಾಹಿತಿಯನ್ನು ತಂದರೆ ಸರಿಯಾದ ತಿದ್ದುಪಡಿಯೇ ಅಳಿಸಿಹೋಗುವ ಸಂಭವವುಂಟು. ಪಾಠಾಂತರಗಳಲ್ಲಿ ಯಾವುದು ಗ್ರಾಹ್ಯವೆಂದು ಹಸ್ತಪ್ರತಿಯ ಸಂಪಾದಕನು ನಿರ್ಣಯಿಸುವಂತೆ, ಇಲ್ಲಿಯೂ ಒಬ್ಬನು ನಿರ್ಣಯಿಸಲೇಬೇಕು. ತಂತ್ರಾಂಶವು ಭೇದವನ್ನು ತೋರಿಸಬಲ್ಲುದು, ತೀರ್ಪು ಅದರದಲ್ಲ.

ಜೋಡಣೆ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಪ್ರತಿ ಸಂಕೇತದ ಹೆಸರಿನೊಡನೆ ಅದರ ಸುಸ್ಥಿತಿಯ ಬೆಲೆ 1 ಆಗಿದೆಯೋ 0 ಆಗಿದೆಯೋ ಎಂಬುದನ್ನೂ ನಮೂದಿಸಬೇಕು. ‘ನಿಲುಗಡೆ’ ಎಂದು ಬರೆಯುವುದಕ್ಕಿಂತ ‘ನಿಲುಗಡೆ ಒತ್ತಿಲ್ಲ’ ಎಂದು ಬರೆಯುವುದು ಮೇಲು. ಯಾವ ಬರವಣಿಗೆ ಪ್ರಮಾಣವೆಂಬುದನ್ನು ಕೆಲಸದ ಆರಂಭದಲ್ಲಿಯೇ ಗೊತ್ತುಮಾಡಬೇಕು. ನಕ್ಷೆಯನ್ನೂ ಪ್ರೋಗ್ರಾಮನ್ನೂ ಬೇರೆ ಬೇರೆ ತರಗತಿಗಳಲ್ಲಿ ಕಲಿಸುವಲ್ಲಿ ಅಧ್ಯಾಪಕರು ಒಮ್ಮೆಯಾದರೂ ಎರಡನ್ನೂ ಒಂದೇ ಮೇಜಿನ ಮೇಲೆ ಹರಡಿ, ಆ ಒಂದು ಗುಂಡಿಯನ್ನು ಎರಡರಲ್ಲಿಯೂ ವಿದ್ಯಾರ್ಥಿಗಳಿಂದ ಓದಿಸುವುದು ಯುಕ್ತ.