ಬ್ಯಾಚ್ ನಂಬರ್ ಯಾರ ಕೈಲಿದೆ?

2024ರ ನವೆಂಬರ್‌ನಲ್ಲಿ ಬಳ್ಳಾರಿ ಬಾಣಂತಿಯರ ಸಾವಿನ ಸುದ್ದಿ ಬಂದಾಗ ನಮ್ಮ ಆಫೀಸಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಆ ಸಲೈನ್ ಟೆಸ್ಟೇ ಮಾಡಿರಲಿಲ್ವಾ?" ಸಾಫ್ಟ್‌ವೇರ್ ಜನಕ್ಕೆ ಮೊದಲು ಹೊಳೆಯೋದೇ ಅದು. ಟೆಸ್ಟ್ ಮಾಡಿದ್ರು. ಒಂದು ಕಡೆ ಫೇಲ್ ಅಂತ ಬಂತು, ಇನ್ನೊಂದು ಕಡೆ ಪಾಸ್ ಅಂತ ಬಂತು. ನನ್ನ ತಕರಾರು ಇರೋದು ಆ ಎರಡು ರಿಪೋರ್ಟ್‌ಗಳ ನಡುವೆ ನಾವು ಯಾವುದನ್ನು ನಂಬಿದೆವು ಅನ್ನೋದರ ಬಗ್ಗೆ.

ನವೆಂಬರ್ 9ರಿಂದ 11ರವರೆಗೆ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್ ಆದವು. ಏಳು ಜನ ಬಾಣಂತಿಯರಿಗೆ ಕಿಡ್ನಿ ಕೈಕೊಡೋಕೆ ಶುರುವಾಯಿತು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ಅನುಮಾನ ಬಿದ್ದದ್ದು ಅವರಿಗೆ ಏರಿಸಿದ್ದ ರಿಂಗರ್ಸ್ ಲ್ಯಾಕ್ಟೇಟ್ ಸಲೈನ್ ಮೇಲೆ. ತಯಾರಿಸಿದ್ದು ಪಶ್ಚಿಮ್ ಬಂಗಾ ಫಾರ್ಮಾಸ್ಯೂಟಿಕಲ್, ಖರೀದಿಸಿದ್ದು ರಾಜ್ಯದ ವೈದ್ಯಕೀಯ ಸರಬರಾಜು ನಿಗಮ. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಆಮೇಲೆ ಕೊಟ್ಟ ವಿವರಣೆ ಇಷ್ಟು: ಬಂದಿದ್ದ 192 ಬ್ಯಾಚ್‌ಗಳ ಪೈಕಿ 22 ಬ್ಯಾಚ್ ರಾಜ್ಯದ ಲ್ಯಾಬಿನಲ್ಲಿ ಫೇಲ್ ಆಗಿದ್ದವು. ಕಂಪನಿ ಒಪ್ಪಲಿಲ್ಲ, ಸ್ಯಾಂಪಲ್ ಕೇಂದ್ರದ ಲ್ಯಾಬಿಗೆ ಹೋಯಿತು, ಅಲ್ಲಿಂದ ಪಾಸ್ ರಿಪೋರ್ಟ್ ಬಂತು. ತಡೆಹಿಡಿದಿದ್ದ ದಾಸ್ತಾನಿನ ಒಂದು ಪಾಲು ಮತ್ತೆ ಆಸ್ಪತ್ರೆಗಳಿಗೆ ಹೋಯಿತು.

ಇದು ಕಾನೂನು ಪ್ರಕಾರವೇ ಇದೆ ನೋಡಿ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 25ನೇ ಸೆಕ್ಷನ್ ಹೇಳೋದು: ರಾಜ್ಯದ ರಿಪೋರ್ಟ್ ಒಪ್ಪದ ಕಂಪನಿ 28 ದಿನದೊಳಗೆ ತಕರಾರು ಹಾಕಬಹುದು, ಕೇಂದ್ರ ಲ್ಯಾಬ್ ಹೇಳಿದ್ದೇ ಅಂತಿಮ. ಕೋರ್ಟಿಗೆ ಇದು ಸರಿ. ತಪ್ಪು ಮಾಡದ ಕಂಪನಿಯ ಮಾಲೀಕ ಜೈಲಿಗೆ ಹೋಗಬಾರದಲ್ಲ. ಆದರೆ ಆಪರೇಷನ್ ಟೇಬಲ್ ಮೇಲೆ ಮಲಗಿರೋ ಹೆಂಗಸಿಗೂ ಅದೇ ನಿಯಮ ಯಾಕೆ? ಸ್ಟೆರಿಲಿಟಿ ಟೆಸ್ಟ್ ಅಂದ್ರೆ ಸಾವಿರಾರು ಬಾಟ್ಲಿಗಳಲ್ಲಿ ಕೆಲವನ್ನು ಎತ್ತಿ, 14 ದಿನ ಇಟ್ಟು, ಕ್ರಿಮಿ ಬೆಳೀತಾ ಅಂತ ನೋಡೋದು. ಪಾಸ್ ಆಯ್ತು ಅಂದ್ರೆ ಆ ಕೆಲವು ಬಾಟ್ಲಿ ಪಾಸ್ ಆದವು ಅಂತ ಅಷ್ಟೇ. ನಮ್ಮಲ್ಲಿ 'ನನ್ನ ಮಷೀನಲ್ಲಿ ಸರಿಯಾಗಿ ಓಡ್ತಿದೆ' ಅಂದವನ ಮಾತಿಗೆ ರಿಲೀಸ್ ಬಿಡ್ತೀವಾ? ಒಂದು ಟೆಸ್ಟ್ ಫೇಲ್, ಒಂದು ಪಾಸ್ ಅಂದ್ರೆ ಬಿಲ್ಡ್ ನಿಲ್ಲಿಸ್ತೀವಿ. ಅಲ್ಲಿ ಬಗ್ ಬಂದ್ರೆ ಬಟನ್ನಿನ ಬಣ್ಣ ಕೆಡುತ್ತೆ, ಹೆಚ್ಚೆಂದ್ರೆ ಕ್ಲೈಂಟ್ ಬೈತಾನೆ.

ಸಾವುಗಳಾದ ಮೇಲೆ ಔಷಧ ನಿಯಂತ್ರಕರ ಅಮಾನತಾಯಿತು, ಕಂಪನಿ ಕಪ್ಪುಪಟ್ಟಿಗೆ ಸೇರಿತು. 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನೀಪುರ ಮೆಡಿಕಲ್ ಕಾಲೇಜಿನಲ್ಲಿ ಸಿಸೇರಿಯನ್ ಆದವರು ಕಾಯಿಲೆ ಬಿದ್ದರು, ಒಬ್ಬಾಕೆ ತೀರಿಕೊಂಡಳು. ಅಲ್ಲೂ ಅದೇ ಕಂಪನಿಯ ಸಲೈನ್ ಹೆಸರು ಬಂತು. ಅಲ್ಲಿನ ಸರ್ಕಾರ 12 ವೈದ್ಯರನ್ನು ಅಮಾನತು ಮಾಡಿತು. ತಪ್ಪು ಸಲೈನಿನದೋ, ಕತ್ತರಿ ಹಿಡಿದವರದೋ ಅಂತ ಜಗಳ ನಡೀತು. ಬಳ್ಳಾರಿಯ ಎಚ್ಚರಿಕೆಗೂ ಮೇದಿನೀಪುರದ ವಾರ್ಡಿಗೂ ನಡುವೆ ಹೆಚ್ಚುಕಮ್ಮಿ ಎರಡು ತಿಂಗಳಿತ್ತು ಅನ್ನೋದು ಮಾತ್ರ ಆ ಜಗಳದಲ್ಲಿ ಮುಳುಗಿಹೋಯಿತು.

ಬಳ್ಳಾರಿಯಲ್ಲಿ ಬ್ಯಾಚ್ ನಂಬರ್ ಕೈಯಲ್ಲೇ ಇತ್ತು, ಆದರೂ ತಡೆ ಉಳಿಯಲಿಲ್ಲ. ನಮ್ಮ ಕೊಂಕಲ್ ಕಡೆ ಆ ನಂಬರೇ ಇರಲ್ಲ. ಜ್ವರ, ಮೈಕೈ ನೋವು ಅಂತ ಹೋದ್ರೆ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ, ನಾಲ್ಕು ಗುಳಿಗಿ ಕಾಗದದಲ್ಲಿ ಸುತ್ತಿ ಕೊಡ್ತಾರೆ. ಬೆಳಗ್ಗೆ ಒಂದು, ರಾತ್ರಿ ಒಂದು. ನಮ್ಮವ್ವ ಔಷಧಿ ನೆನಪಿಟ್ಟುಕೊಳ್ಳೋದು ಬಣ್ಣದಿಂದ. "ಆ ಕೆಂಪು ಗುಳಿಗಿ ತಗೊಂಡ್ರ ಮೈಯೆಲ್ಲಾ ತುರಸ್ತದ ನೋಡಪಾ" ಅಂತಾಳೆ. ಇದು ಅಪ್ಪಟ ಸೇಫ್ಟಿ ರಿಪೋರ್ಟ್. ಆದರೆ ಇದನ್ನು ತುಂಬೋಕೆ ಯಾವ ಫಾರಂನಲ್ಲೂ ಜಾಗ ಇಲ್ಲ.

ಫಾರಂ ಇಲ್ಲ ಅಂತಲ್ಲ. ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ 2010ರಿಂದ ಇದೆ, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತೆ. ವೈದ್ಯಕೀಯ ಸಾಧನಗಳಿಗೂ 2015ರಲ್ಲಿ ಅಂಥದೇ ಒಂದು ಶುರುವಾಯಿತು. ರೋಗಿಯೇ ತುಂಬಬಹುದಾದ ಫಾರಂ ಕನ್ನಡದಲ್ಲೂ ಇದೆ. 1800-180-3024 ಅಂತ ಉಚಿತ ನಂಬರ್ ಇದೆ, ಸೋಮವಾರದಿಂದ ಶುಕ್ರವಾರ, ಆಫೀಸ್ ಟೈಮಲ್ಲಿ. ಶನಿವಾರ ರಾತ್ರಿ ಮೈಯೆಲ್ಲಾ ದದ್ದು ಎದ್ದರೆ ಸೋಮವಾರದ ತನಕ ಕಾಯಿರಿ. ವೈದ್ಯರು ತುಂಬೋ ಫಾರಂ ಕಂಪನಿ, ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲ ಕೇಳುತ್ತೆ. ಕೇಳೋದು ಸರಿಯೇ. ಆದರೆ ಇದನ್ನು ಮಾಡಿದವರ ಕಣ್ಣ ಮುಂದಿದ್ದ ರೋಗಿ ಇಡೀ ಸ್ಟ್ರಿಪ್ ಕೊಂಡು, ಬಿಲ್ ಇಸ್ಕೊಂಡು, ಎರಡನ್ನೂ ಜೋಪಾನ ಮಾಡಿಟ್ಟವನು. ಅಂಥವನನ್ನು ನಾನು ಬೆಂಗಳೂರಲ್ಲೂ ನೋಡಿಲ್ಲ. 2023ರ ಆಗಸ್ಟ್‌ನಿಂದ 300 ಬ್ರ್ಯಾಂಡ್‌ಗಳಿಗೆ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದ್ರು. ಸ್ಟ್ರಿಪ್ ಮೇಲೆ ಜಾಗ ಸಾಲದಿದ್ರೆ ಹೊರಗಿನ ಡಬ್ಬಿ ಮೇಲೆ ಹಾಕಿದ್ರೂ ನಡೆಯುತ್ತೆ. ಆ ಡಬ್ಬಿ ಅಂಗಡಿಯವನ ಹತ್ರ ಉಳಿಯುತ್ತೆ.

ಇದೆಲ್ಲ ಹಳ್ಳಿ ಸಮಸ್ಯೆ, ನಮಗೇನು ಅಂತ ಅಂದ್ಕೋಬೇಡಿ. ಜಾನ್ಸನ್ ಆ್ಯಂಡ್ ಜಾನ್ಸನ್ ತನ್ನ ಎಎಸ್ಆರ್ ಸೊಂಟದ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಕರೆಸಿಕೊಂಡಿತು. ಭಾರತದಲ್ಲಿ ಅದನ್ನು ಕೂರಿಸಿದ ಆಪರೇಷನ್ ಸುಮಾರು 4,700. ಕೇಂದ್ರದ ಸಮಿತಿ ಲೆಕ್ಕ ಹಾಕಿದಾಗ ಅದರಲ್ಲಿ ಸುಮಾರು 3,600 ಮಂದಿಯ ಪತ್ತೆಯೇ ಇರಲಿಲ್ಲ. ಅವರೆಲ್ಲ ಕಾಗದದಲ್ಲಿ ಸುತ್ತಿದ ಗುಳಿಗಿ ತಗೊಂಡವರಲ್ಲ, ಆಸ್ಪತ್ರೆಯ ಬಿಲ್ ಕಟ್ಟಿದವರು.

ನಾನು ಕೇಳೋದು ದೊಡ್ಡದೇನಲ್ಲ. ರಕ್ತಕ್ಕೆ ನೇರ ಹೋಗೋ ದ್ರವ ಒಂದು ಲ್ಯಾಬಲ್ಲಿ ಫೇಲ್ ಆದ್ರೆ, ಕಂಪನಿಯ ಮೇಲಿನ ಕೇಸು ಏನಾದರೂ ಆಗಲಿ, ಆ ಬ್ಯಾಚು ಮತ್ತು ಅದರ ಅಕ್ಕಪಕ್ಕದ ಬ್ಯಾಚುಗಳು ಆಸ್ಪತ್ರೆಗೆ ವಾಪಸ್ ಹೋಗಬಾರದು. ಪ್ರತಿ ಗುಳಿಗಿಯ ಹಿಂದೆಯೂ ಹೆಸರು, ಬ್ಯಾಚ್ ನಂಬರ್ ಅಚ್ಚಾಗಬೇಕು. ಊರಿನ ಆಶಾ ಕಾರ್ಯಕರ್ತೆಗೆ ಯಾರಿಗೆ ಯಾವುದು ಆಗಿಬರಲಿಲ್ಲ ಅನ್ನೋದು ಗೊತ್ತಿರುತ್ತೆ, ಅದನ್ನು ಆಕೆಯಿಂದ ಕೇಳಿ ಬರೆದುಕೊಳ್ಳೋರು ಬೇಕು.

ಸದ್ಯಕ್ಕೆ ಅವ್ವನಿಗೆ, ಗುಳಿಗಿ ತಗೊಂಡಾಗಲೆಲ್ಲ ಪಕ್ಕದ ಮನೆ ಹುಡುಗನ ಕೈಲಿ ಫೋಟೋ ತೆಗೆಸಿ ಕಳಿಸು ಅಂದಿದ್ದೀನಿ. ಮೊನ್ನೆ ಬಂದ ಫೋಟೋದಲ್ಲಿ ಹೆಸರಿನ ಕೊನೆಯ ಮೂರು ಅಕ್ಷರ ಕಾಣ್ತಿತ್ತು, ಬ್ಯಾಚ್ ನಂಬರ್ ಇರಲಿಲ್ಲ. ಕೇಳಿದ್ದಕ್ಕೆ ಆ ತುಂಡು ಹಿಂದಿನ ಗಿರಾಕಿಗೆ ಹೋಯ್ತಂತ.