ಗೋಪುರದ ಬುಡದಲ್ಲಿ ನಿಂತವರು

ಏಪ್ರಿಲ್ ಕೊನೆಯ ವಾರದ ಒಂದು ನಡುಮಧ್ಯಾಹ್ನ ಕೋಲಾರದ ಕ್ಲಾಕ್ ಟವರ್ ಹತ್ತಿರ ನಿಂತು ನೋಡಿ. ಗಡಿಯಾರದಲ್ಲಿ 12 ದಾಟಿ ಕಾಲು ಗಂಟೆಯಾಗುವ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ನಮ್ಮ ದೇಶದ ಗಡಿಯಾರಗಳೆಲ್ಲ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತವೆ. ಕೋಲಾರ ಇರುವುದು 78 ಡಿಗ್ರಿಯ ಹತ್ತಿರ, ಹಾಗಾಗಿ ಇಲ್ಲಿಯ ನಿಜವಾದ ಮಧ್ಯಾಹ್ನ ಅಷ್ಟು ತಡ. ಆ ಗಳಿಗೆಯಲ್ಲಿ ಗೋಪುರದ ನೆರಳು ಗೋಪುರದ ಬುಡಕ್ಕೇ ಸೇರಿಬಿಡುತ್ತದೆ. ತಳ್ಳುಗಾಡಿಯ ನೆರಳು ಗಾಡಿಯಡಿಗೆ, ನಡೆಯುವವರ ನೆರಳು ಅವರವರ ಚಪ್ಪಲಿಯಡಿಗೆ. ಆಗಸ್ಟ್ ತಿಂಗಳ ನಡುವಿನಲ್ಲಿ ಇನ್ನೊಮ್ಮೆ ಹೀಗಾಗುತ್ತದೆ. ಉಳಿದ ವರ್ಷವೆಲ್ಲ ಈ ಬೆಳಕು ಇಲ್ಲ.

ಫೋಟೊಗ್ರಫಿ ಕಲಿಸುವವರು ನಡುಹಗಲಿನ ಬಿಸಿಲು ಬೇಡ, ಬೆಳಗ್ಗೆ ಸಂಜೆ ಮಾತ್ರ ಹೊರಡಿ ಎನ್ನುತ್ತಾರೆ. ಬೆಟ್ಟ, ಕೆರೆ ತೆಗೆಯುವವರಿಗೆ ಆ ಮಾತು ಸರಿ. ಬೀದಿಗೆ ಅದು ಹೊಂದುವುದಿಲ್ಲ. ಬಿಸಿಲು ನೆತ್ತಿ ಸುಡುವಾಗ ಜನ ಏನು ಮಾಡುತ್ತಾರೆ ಎನ್ನುವುದರಲ್ಲೇ ಊರಿನ ಅರ್ಧ ಬದುಕಿದೆ. ಸೆರಗು ತಲೆಗೇರುತ್ತದೆ, ನ್ಯೂಸ್‌ಪೇಪರ್ ಛತ್ರಿಯಾಗುತ್ತದೆ, ಆಟೊದವರು ಹಿಂದಿನ ಸೀಟಿನಲ್ಲಿ ಕಾಲು ಚಾಚುತ್ತಾರೆ, ಹೂವಿನವರು ಒದ್ದೆ ಗೋಣಿಚೀಲ ಎಳೆದು ಮೊಳಗಳ ಮೇಲೆ ಹೊದಿಸುತ್ತಾರೆ. ಈ ನಾಲ್ಕನ್ನೂ ನಾನು ಒಂದೇ ಮಧ್ಯಾಹ್ನ, ಒಂದೇ ಜಾಗದಲ್ಲಿ ನಿಂತು ತೆಗೆದಿದ್ದೇನೆ.

ಆ ಗೋಪುರವನ್ನು ಎಷ್ಟು ಸಲ ತೆಗೆದಿದ್ದೇನೋ ಲೆಕ್ಕವಿಲ್ಲ. ನನ್ನ ಹಳೆಯ ಚಿತ್ರಗಳಲ್ಲಿ ಅದು ಹಸಿರು. 2022ರ ಮಾರ್ಚ್‌ನಲ್ಲಿ ಪೊಲೀಸ್ ಬಂದೋಬಸ್ತಿನ ನಡುವೆ ಬಿಳಿ ಬಣ್ಣ ಬಳಿದು ರಾಷ್ಟ್ರಧ್ವಜ ಹಾರಿಸಿದರು. ಅಲ್ಲಿಂದೀಚಿನ ಚಿತ್ರಗಳಲ್ಲಿ ಬಿಳಿ. ಬಣ್ಣ ನೋಡಿ ಚಿತ್ರ 2022ರ ಆಚೆಯದೋ ಈಚೆಯದೋ ಎಂದು ಹೇಳಬಹುದು, ಅಷ್ಟೇ. ಯಾವ ವರ್ಷ, ಯಾವ ಕಾಲ, ಊರು ಹೇಗಿತ್ತು ಎನ್ನುವುದನ್ನು ಹೇಳುವವರು ಗೋಪುರದ ಬುಡದಲ್ಲಿ ನಿಂತವರು. ಸೈಕಲ್ಲಿನ ಹಿಂದೆ ಐಸ್ ಡಬ್ಬ ಕಟ್ಟಿಕೊಂಡು ನಿಂತಾತ, ಮೂಗಿನ ಮೇಲೆ ಮಾಸ್ಕ್ ಏರಿಸಿಕೊಂಡ ಹುಡುಗಿ, ಕ್ಯೂಆರ್ ಕೋಡಿನ ರಟ್ಟನ್ನು ಕಡಲೆಕಾಯಿ ರಾಶಿಗೆ ಸಿಕ್ಕಿಸಿಟ್ಟ ಅಜ್ಜಿ. ಅವರನ್ನು ತೆಗೆದುಹಾಕಿದರೆ ಉಳಿಯುವುದು ಪೋಸ್ಟ್‌ಕಾರ್ಡ್.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಜಿಲ್ಲೆಯ ಹುಡುಗರು ಕ್ಯಾಮೆರಾ ಕೊಂಡ ವಾರವೇ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೋ ಚಿಕ್ಕಪೇಟೆಗೋ ಶಿವಾಜಿನಗರಕ್ಕೋ ಹೊರಟುಬಿಡುತ್ತಾರೆ. ಬೀದಿ ಚಿತ್ರಕ್ಕೆ ದೊಡ್ಡ ನಗರವೇ ಬೇಕು ಎನ್ನುವ ನಂಬಿಕೆ. ಬೆಂಗಳೂರಿನಿಂದ ಈ ಕಡೆ ಬರುವವರೋ, ಸಿನಿಮಾ ನೋಡಿದವರು ಕೆ.ಜಿ.ಎಫ್.ನ ಸೈನೈಡ್ ದಿಬ್ಬ ಕೇಳುತ್ತಾರೆ, ಬೆಟ್ಟ ಹತ್ತುವವರು ಅಂತರಗಂಗೆಯ ದಾರಿ ಕೇಳುತ್ತಾರೆ. ನಡುವೆ ಇರುವ ಊರನ್ನು ಯಾರೂ ಕೇಳುವುದಿಲ್ಲ. ಕೆ.ಆರ್. ಮಾರ್ಕೆಟ್ಟಿನಲ್ಲಿ ನೀವು ಯಾರೆಂದು ಯಾರಿಗೂ ಗೊತ್ತಿಲ್ಲ, ಹೆದರಿಕೆಯಿಲ್ಲದೆ ತೆಗೆದುಕೊಂಡು ಬರಬಹುದು. ಕೋಲಾರದಲ್ಲಾಗಲಿ ಶ್ರೀನಿವಾಸಪುರದಲ್ಲಾಗಲಿ ಮೂರನೆಯ ಸಲ ಕ್ಲಿಕ್ ಮಾಡುವಷ್ಟರಲ್ಲಿ ಯಾರಾದರೂ ಬಂದು, ‘ನೀವು ಯಾರ ಮನೇರು?’ ಎಂದು ಕೇಳುತ್ತಾರೆ. ಉತ್ತರ ಹೇಳಬೇಕು. ಹೇಳಿದ ಮೇಲೆ ಕುರ್ಚಿ ಎಳೆದು ಕೂರಿಸುತ್ತಾರೆ, ಟೀ ತರಿಸುತ್ತಾರೆ. ಬೀದಿ ಚಿತ್ರ ಅಲ್ಲಿಂದ ಶುರುವಾಗುತ್ತದೆ ಎಂದು ನಾನು ನಂಬಿದ್ದೇನೆ.

ಪ್ಯಾರಿಸ್‌ನಲ್ಲಿ ಯೂಜೀನ್ ಆಟ್ಜೆ ಎಂಬಾತ 1927ರಲ್ಲಿ ತೀರಿಕೊಳ್ಳುವವರೆಗೆ ಸುಮಾರು 30 ವರ್ಷ ಭಾರವಾದ ಕ್ಯಾಮೆರಾ, ಗಾಜಿನ ಪ್ಲೇಟುಗಳನ್ನು ಹೊತ್ತು ಒಂದೇ ಊರಿನ ಬೀದಿ, ಅಂಗಡಿ, ಮೆಟ್ಟಿಲು, ಬಾಗಿಲುಗಳನ್ನು ತೆಗೆದ. ಕಲಾವಿದರಿಗೆ ಬೇಕಾಗುವ ದಾಖಲೆಗಳು ಎಂದು ಅವನ್ನು ಮಾರಿ ಹೊಟ್ಟೆ ಹೊರೆದ. ಅವನು ತೆಗೆದ ಎಷ್ಟೋ ಬೀದಿಗಳು ಈಗಿಲ್ಲ, ಚಿತ್ರಗಳಿವೆ. ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನು ನೋಡಿ. 1977ರಲ್ಲಿ ಪದ್ಮಶ್ರೀ ಪಡೆದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಭಾರತದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಗೋಡೆಯೇರಿದವು. ಆ ಮಕ್ಕಳು ನಮ್ಮ ನಿಮ್ಮ ಕೇರಿಯ ಮಕ್ಕಳ ಹಾಗೇ ಇದ್ದಾರೆ. ಸತ್ಯನ್ ಅವರ ಚಿತ್ರಗಳಲ್ಲಿ ಯಾರೂ ಕ್ಯಾಮೆರಾಕ್ಕೆ ಬೆದರಿದಂತೆ ಕಾಣುವುದಿಲ್ಲ. ತೆಗೆಯುವವರು ಅಲ್ಲಿ ಎಷ್ಟು ಹೊತ್ತು ಕೂತಿದ್ದರು ಎನ್ನುವುದು ಅದರಿಂದಲೇ ತಿಳಿಯುತ್ತದೆ.

ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಗೆ ಬನ್ನಿ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಇದೊಂದು. ಬೆಳೆಗಾಲದಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕ್ರೇಟುಗಳು ಆಳೆತ್ತರ ಪೇರಿಸಿರುತ್ತವೆ, ಕ್ರೇಟಿಗೆ 15 ಕೆ.ಜಿ. ಹರಾಜು ಕೂಗುವವರು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕೂಗುತ್ತಾರೆ. ಒಂದೇ ಉಸಿರಿನಲ್ಲಿ ಮೂರೂ ಬರುವುದುಂಟು. ಇಲ್ಲಿ ಕ್ಯಾಮೆರಾಕ್ಕೆ ಎರಡು ತೊಡಕು. ಒಂದು, ಹಣ್ಣಿನ ಕೆಂಪು. ಕ್ಯಾಮೆರಾ ತಾನಾಗಿ ಅಳೆದ ಬೆಳಕನ್ನು ನಂಬಿದರೆ ಕೆಂಪೆಲ್ಲ ಒಂದೇ ಮುದ್ದೆಯಾಗಿ ಹಣ್ಣಿನ ದುಂಡು ಹೋಗುತ್ತದೆ. ಅರ್ಧ, ಮುಕ್ಕಾಲು ಸ್ಟಾಪ್ ಕಡಿಮೆ ಮಾಡಿಕೊಳ್ಳಬೇಕು. ಇನ್ನೊಂದು, ನೀಲಿ ಟಾರ್ಪಾಲು. ಅದರಡಿ ನಿಂತವರ ಮುಖಕ್ಕೆ ನೀಲಿ ಹತ್ತುತ್ತದೆ, ಕಾಯಿಲೆಯವರ ಹಾಗೆ ಕಾಣುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುತ್ತೇನೆ ಎನ್ನಬೇಡಿ, ಎರಡು ಹೆಜ್ಜೆ ಸರಿದು ಟಾರ್ಪಾಲಿನ ಅಂಚಿಗೆ ಅವರು ಬರುವವರೆಗೆ ಕಾಯಿರಿ. ನಾನು 28 ಎಂ.ಎಂ. ಲೆನ್ಸ್ ಹಾಕಿ, ಎಫ್/8ಕ್ಕೆ ಇಟ್ಟು, ಫೋಕಸನ್ನು ಮೂರೂಕಾಲು ಮೀಟರಿಗೆ ನಿಲ್ಲಿಸಿಬಿಡುತ್ತೇನೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಹೀಗೆ ಮಾಡಿದರೆ ಸುಮಾರು ಒಂದೂಮುಕ್ಕಾಲು ಮೀಟರಿನಿಂದ ದೂರದ ಶತಶೃಂಗ ಬೆಟ್ಟದವರೆಗೆ ಎಲ್ಲ ಸ್ಪಷ್ಟ. ಮತ್ತೆ ಫೋಕಸಿನ ಗೊಡವೆಯಿಲ್ಲ, ಕಣ್ಣು ಜನರ ಮೇಲೇ ಇರುತ್ತದೆ.

2023ರ ಜುಲೈನಲ್ಲಿ ಈ ಮಂಡಿಯಲ್ಲಿ 15 ಕೆ.ಜಿ. ಬಾಕ್ಸಿನ ದರ 2,000 ರೂಪಾಯಿ ದಾಟಿತು. ಊರೂರಿಂದ ಕ್ಯಾಮೆರಾಗಳು ಬಂದವು, ನಾನೂ ಹೋಗಿದ್ದೆ. ಒಬ್ಬ ರೈತರು ಬಾಕ್ಸಿನ ಮೇಲೆ ಕೈಯಿಟ್ಟು, ಮಗನ ಹೆಗಲ ಮೇಲೆ ಕೈಯಿಟ್ಟ ಹಾಗೆ ನಿಂತಿದ್ದರು. ತೆಗೆದೆ. ಮುಂದಿನ ವರ್ಷ ದರ ಬಿದ್ದ ಒಂದು ದಿನ ಅದೇ ಸಾಲಿನಲ್ಲಿ ಅವರೇ ಸಿಕ್ಕಿದರು. ನನಗೆ ಸಂಕೋಚವಾಗಿ ಕ್ಯಾಮೆರಾ ಇಳಿಸಿದೆ. ಅವರೇ ಕರೆದರು. ‘ಹೋದ್ ವರ್ಷ ತೆಗೆದ್ರಲ್ಲ ಸಾ, ಇವತ್ತೂ ತೆಗೀರಿ. ಇದೂ ಗೊತ್ತಾಗ್ಲಿ ಜನಕ್ಕೆ’ ಎಂದರು. ಎರಡೂ ಚಿತ್ರ ಈಗ ಒಂದೇ ಫ್ರೇಮಿನಲ್ಲಿ, ಅಕ್ಕಪಕ್ಕ, ನನ್ನ ಮೇಜಿನೆದುರು ಇವೆ. ನಾನು ತೆಗೆದದ್ದರಲ್ಲಿ ನನಗೆ ಬೇಕಾದ ಚಿತ್ರ ಯಾವುದೆಂದು ಕೇಳಿದರೆ ಅದೇ.

ಕೆಟ್ಟ ದಿನವನ್ನೂ ತೆಗೆಯಬೇಕು ಎನ್ನುವ ಈ ಪಾಠ ಶ್ರೀನಿವಾಸಪುರದಲ್ಲಿ ಮತ್ತೆ ಸಿಕ್ಕಿತು. ಮಾವಿನ ಕಾಲದಲ್ಲಿ ಆ ಊರಿನ ಮಂಡಿಗಳ ಮುಂದೆ ಗಾಡಿಗಳ ಸಾಲು, ಕಾಯಿಯ ಗುಡ್ಡೆ, ಗುಡ್ಡೆಯ ಸುತ್ತ ಕೂತು ಕಾಯಿ ಆರಿಸುವ ಹೆಂಗಸರು. ಬೇನಿಷಾ, ಬಾದಾಮಿ, ರಾಜಗೀರಾ, ತೋತಾಪುರಿ, ಮಲ್ಲಿಕಾ ಎಲ್ಲವೂ ಒಂದೇ ಅಂಗಳದಲ್ಲಿ. ತೋತಾಪುರಿ ಹೆಚ್ಚಿನದು ರಸ ತೆಗೆಯುವ ಚಿತ್ತೂರು ಕಡೆಯ ಕಾರ್ಖಾನೆಗಳಿಗೆ ಹೋಗುತ್ತದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಯನ್ನು ಗಡಿಯಲ್ಲೇ ತಡೆಯಿತು. ಬೆಳೆಗಾರರು ಬೀದಿಗಿಳಿದರು, ಶ್ರೀನಿವಾಸಪುರ ಬಂದ್ ಆಯಿತು. ಆ ದಿನಗಳಲ್ಲಿ ನಾನು ತೆಗೆದ ಚಿತ್ರಗಳಲ್ಲಿ ಒಂದನ್ನು ಉಳಿಸಿಕೊಂಡಿದ್ದೇನೆ. ಕಾಯಿ ಆರಿಸುವ ಒಬ್ಬ ಅಕ್ಕ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತಿದ್ದಾರೆ. ಮಾವಿನ ಸೊನೆ ಹತ್ತಿ ಬೆರಳ ಸಂದಿಗಳು ಕಪ್ಪಾಗಿವೆ, ಕಿರುಬೆರಳಿಗೆ ಬಟ್ಟೆ ಸುತ್ತಿದೆ. ಎರಡು ಅಂಗೈಗಳನ್ನೂ ಮೇಲೆ ಮಾಡಿ ಮಡಿಲಲ್ಲಿ ಇಟ್ಟುಕೊಂಡಿದ್ದಾರೆ. ‘ಅಕ್ಕ, ಕೈ ಮಾತ್ರ ತೆಗೀಲಾ?’ ಎಂದು ಕೇಳಿದೆ. ‘ಕೈಯೇ ಅಲ್ವಾ ಸ್ವಾಮಿ ಇರೋದು ನಮ್ಗೆ’ ಎಂದರು.

ಕೈಯ ಮಾತು ಬಂತು, ಆವನಿ ಜಾತ್ರೆಯನ್ನು ಹೇಳದೆ ಇರಲಾರೆ. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳಿವೆ, ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ಲವಕುಶರು ಹುಟ್ಟಿದ ಜಾಗ ಎಂಬ ನಂಬಿಕೆ. ಶಿವರಾತ್ರಿಯ ಆಸುಪಾಸಿನಲ್ಲಿ ರಥೋತ್ಸವ, ಜೊತೆಗೆ ದನಗಳ ಜಾತ್ರೆ. ಬಂದ ಕ್ಯಾಮೆರಾಗಳೆಲ್ಲ ತೇರಿನ ಕಡೆ ತಿರುಗಿರುತ್ತವೆ. ನಾನು ದನಗಳ ಸಾಲಿಗೆ ಹೋಗುತ್ತೇನೆ. ಅಲ್ಲಿ ವ್ಯಾಪಾರ ಟವೆಲಿನ ಕೆಳಗೆ. ಕೊಳ್ಳುವವರು ಮಾರುವವರು ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿ, ಬೆರಳು ಹಿಚುಕಿ ದರ ಹೇಳುತ್ತಾರೆ. ಬಾಯಿ ಬಿಡುವುದಿಲ್ಲ. ನೋಡುವವರಿಗೆ ಸಿಗುವುದು ಟವೆಲಿನ ಮೇಲೊಂದು ಸಣ್ಣ ಅಲುಗಾಟ, ಮೇಲೆ ಎರಡು ಮುಖ. ಒಬ್ಬರು ಎತ್ತಿನ ಕಡೆ ನೋಡುತ್ತಿರುತ್ತಾರೆ, ಇನ್ನೊಬ್ಬರು ಬೆಟ್ಟದ ಕಡೆ. ಇದನ್ನು ಸೊಂಟದೆತ್ತರದಿಂದ, ಮೊಣಕಾಲೂರಿ ತೆಗೆಯಬೇಕು. ನಿಂತು ತೆಗೆದರೆ ಟವೆಲ್ ಕಾಣುತ್ತದೆ, ಮುಖ ತಪ್ಪುತ್ತದೆ. ವ್ಯಾಪಾರ ಮುಗಿಯುವ ಮುಂಚೆ ಹತ್ತಿರ ಹೋಗಬಾರದು. ಅದು ಅವರ ಗುಟ್ಟು.

ಮುಳಬಾಗಿಲು ಪೇಟೆಗೆ ಬಂದರೆ ಬೆಳಗಿನ ದೋಸೆ ಹೋಟೆಲು. ಡಿ.ವಿ.ಜಿ.ಯವರು 1887ರಲ್ಲಿ ಹುಟ್ಟಿದ ಊರು ಇದು. ಮೂಡಲ ಬಾಗಿಲು ಎನ್ನುವುದೇ ಮುಳಬಾಗಿಲು ಆಗಿದೆ. ಇಲ್ಲಿಯ ದೋಸೆ ದಪ್ಪ, ಹೊರಗೆ ಗರಿ, ಒಳಗೆ ಮೆತ್ತಗೆ. ಅದರ ಹಬೆಯನ್ನು ಚಿತ್ರದಲ್ಲಿ ಹಿಡಿಯುವುದು ಹೇಗೆಂದು ಎಷ್ಟೋ ಜನ ಕೇಳಿದ್ದಾರೆ. ಬೆಳಕು ಹಬೆಯ ಹಿಂದಿನಿಂದ ಬರಬೇಕು, ಅದರಾಚೆ ಕತ್ತಲಿರಬೇಕು. ಮೂಡಣ ಬಾಗಿಲಿನ ಹೋಟೆಲಾದರೆ ಬಿಸಿಲು ಒಳಗೆ ಬರುವ ಹೊತ್ತಿಗೆ ಒಲೆಯಾಚೆಯ ಗೋಡೆಗೆ ಒರಗಿ, ಬಾಗಿಲ ಒಂದು ಪಕ್ಕದ ಕರಿಗಟ್ಟಿದ ಗೋಡೆ ಹಿನ್ನೆಲೆಗೆ ಬರುವಂತೆ ನಿಲ್ಲಿ, ಸಾಕು. ಹತ್ತಿರದ ಕುರುಡುಮಲೆಯಲ್ಲಿ ಗಣಪನ ಮೂರ್ತಿ 13 ಅಡಿಗೂ ಮಿಗಿಲು. ಗರ್ಭಗುಡಿಯ ಮುಂದೆ ಕ್ಯಾಮೆರಾ ಎತ್ತಬೇಡಿ. ಚುನಾವಣೆ ಬಂದಾಗ ಪಕ್ಷದವರು ಪ್ರಚಾರ ಶುರುಮಾಡಲು ಇಲ್ಲಿಗೇ ಬರುವ ವಾಡಿಕೆಯುಂಟು. ಆಗ ಹೊರಗೆ ತೆಂಗಿನಕಾಯಿ ಅಂಗಡಿಯ ಪಕ್ಕ ನಿಂತರೆ ಸಾಕಷ್ಟು ಸಿಗುತ್ತದೆ.

ಮಾಲೂರಿನ ಬಗ್ಗೆ ಹೆಂಚಿನ ಊರು, ಇಟ್ಟಿಗೆಯ ಊರು ಎಂಬ ಮಾತಿದೆ. ಗೂಡುಗಳ ಕೆಲಸ ಕಡಿಮೆಯಾಗುವ ಮೊದಲು ಅಲ್ಲಿಯ ಕೆಂಧೂಳನ್ನು ಯಾರಾದರೂ ಕೂತು ತೆಗೆಯಬೇಕು. ನನ್ನ ಬಳಿ ಮಾಲೂರಿನದು ಎಂದು ಇರುವ ಒಳ್ಳೆಯ ಚಿತ್ರ ಒಂದೇ, ಬೆಳಗಿನ ಬೆಂಗಳೂರು ರೈಲಿಗೆ ಪ್ಲಾಟ್‌ಫಾರಮ್ಮಿನಲ್ಲಿ ಕಾಯುತ್ತಿರುವ ಸೊಪ್ಪಿನ ಮೂಟೆಗಳು, ಮೂಟೆಗಳ ನಡುವೆ ಸಮವಸ್ತ್ರದಲ್ಲಿ ನಿದ್ದೆ ಹೋದ ಕಾರ್ಖಾನೆಯ ಹುಡುಗಿ. ಆ ತಾಲ್ಲೂಕಿನ ಮಾಸ್ತಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆ ಈಗ ಗ್ರಂಥಾಲಯ. ಹೋದಾಗ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡಿ ಬನ್ನಿ.

ಕೋಲಾರಮ್ಮನ ಗುಡಿ, ಸೋಮೇಶ್ವರನ ಗುಡಿ ಎರಡೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ, ಟ್ರೈಪಾಡ್ ಇಡಲು ಅನುಮತಿ ಬೇಕು. ಕೈಯಲ್ಲಿ ಹಿಡಿದು ತೆಗೆಯಿರಿ. ಸೋಮೇಶ್ವರನ ಕಲ್ಯಾಣ ಮಂಟಪದ ಕಂಬಗಳನ್ನು ಪುಸ್ತಕಗಳಲ್ಲಿ ಬೇಕಾದಷ್ಟು ಜನ ತೆಗೆದಿದ್ದಾರೆ. ಆ ಕಂಬಕ್ಕೆ ಒರಗಿ ಪರೀಕ್ಷೆಗೆ ಓದುವ ಕಾಲೇಜು ಹುಡುಗರ ಚಿತ್ರ ಪುಸ್ತಕಗಳಲ್ಲಿ ನನಗೆ ಸಿಕ್ಕಿಲ್ಲ.

ತೆಗೆದ ಚಿತ್ರವನ್ನು ತೆಗೆಸಿಕೊಂಡವರಿಗೆ ತಲುಪಿಸುವುದು ನಾನು ಬಿಡದ ನೇಮ. ಫೋನಿಗೆ ಕಳಿಸಿದರೆ ಸಾಲದು, ಕೈಗೆ ಪ್ರಿಂಟ್ ಕೊಡಬೇಕು. ಅಂಚೆ ಕಾರ್ಡಿನ ಅಳತೆಯ ಒಂದು ಪ್ರಿಂಟಿಗೆ ಒಂದು ಟೀ ಎರಡು ಬನ್ನಿನಷ್ಟು ಖರ್ಚು. ಮಂಡಿಯ ಆ ರೈತರ ಮನೆಗೆ ಪ್ರಿಂಟ್ ಕೊಡಲು ಹೋದಾಗ ಅವರ ತಾಯಿ ಒಳಗಿಂದ ಟ್ರಂಕು ತಂದು ತೆರೆದರು. ಅದರಲ್ಲಿ ಒಂದು ಮಾಸಿದ ಮದುವೆಯ ಫೋಟೊ ಇತ್ತು. ಗಂಡು ಹೆಣ್ಣಿನ ಹಿಂದೆ ಕೋಲಾರದ ಒಂದು ಹಳೆಯ ಬೀದಿ, ಒಂದು ಜಟಕಾ, ಈಗ ಇಲ್ಲದ ಒಂದು ಹೆಂಚಿನ ಸಾಲು. ಯಾವ ವರ್ಷ ಎಂದು ಕೇಳಿದೆ. ಅವರಿಗೂ ನೆನಪಿಲ್ಲ, ಹಿಂದೆ ಬರೆದಿಲ್ಲ. ಅದನ್ನು ತೆಗೆದ ಸ್ಟುಡಿಯೊ ಮುಚ್ಚಿದೆ. ಅಲ್ಲಿಯ ನೆಗೆಟಿವ್ ಡಬ್ಬಗಳನ್ನು ತೂಕಕ್ಕೆ ಗುಜರಿಗೆ ಹಾಕಿದರೆಂದು ಪಕ್ಕದ ಅಂಗಡಿಯವರು ಹೇಳಿದರು. ನನ್ನ ಅಕ್ಕನ ಮದುವೆಯ ನೆಗೆಟಿವ್‌ಗಳೂ ಅದೇ ಡಬ್ಬಗಳಲ್ಲಿದ್ದವು.

ಈ ವಾರ ಓದುಗರಲ್ಲಿ ಒಂದು ಕೇಳಿಕೆ. ಮನೆಯ ಹಳೆಯ ಆಲ್ಬಂ ತೆಗೆಯಿರಿ. ಮುಖಗಳನ್ನು ನೋಡಿಯಾದ ಮೇಲೆ ಮುಖಗಳ ಹಿಂದೆ ಏನಿದೆ ನೋಡಿ. ಮನೆಯ ಹಿರಿಯರು ಇರುವಾಗಲೇ ಕೇಳಿ, ಊರು, ಬೀದಿ, ವರ್ಷ, ನಿಂತವರ ಹೆಸರು ಹಿಂಬದಿಯಲ್ಲಿ ಬರೆದಿಡಿ. ಹಳೆಯ ಕಾಗದದ ಪ್ರಿಂಟಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ಒತ್ತದೆ. ಈಚಿನ ನುಣುಪು ಪ್ರಿಂಟಿಗೆ ಪೆನ್ಸಿಲ್ ಹತ್ತುವುದಿಲ್ಲ, ಸಿ.ಡಿ. ಮೇಲೆ ಬರೆಯುವ ಮಾರ್ಕರ್ ಬಳಸಿ, ಪೂರ್ತಿ ಒಣಗಿದ ಮೇಲೆ ಆಲ್ಬಂಗೆ ಸೇರಿಸಿ.