ರಾಮಾಚಾರಿಯ ವಾರಸುದಾರರು

ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರ ಡಿಸೆಂಬರ್ ಕೊನೆಯಲ್ಲಿ ತೆರೆ ಕಂಡಿತು. ಅದರ ಎರಡನೆಯ ಭಾಗ ಬರುವಂತಿರಲಿಲ್ಲ. ನಾಯಕ ರಾಮಾಚಾರಿಯೇ ಚಿತ್ರದುರ್ಗದ ಬೆಟ್ಟದಿಂದ ಹಾರಿ ಸಾಯುತ್ತಾನೆ. ಆದರೂ ಅದರ ಕಥೆ, ಹೆಸರು, ಸಿಟ್ಟುಗಳ ಮೇಲೆ ಹಕ್ಕು ಸಾಧಿಸಿದ ಚಿತ್ರಗಳು ನಾಲ್ಕು ದಶಕಗಳ ಕಾಲ ಬರುತ್ತಲೇ ಇದ್ದವು. ಗಲ್ಲಾಪೆಟ್ಟಿಗೆಯಲ್ಲಿ ಕೆಲವು ಗೆದ್ದವು. ಮೂಲದ ಎತ್ತರಕ್ಕೆ ಒಂದೂ ಏರಲಿಲ್ಲ.

ಇವುಗಳಲ್ಲಿ ಗಂಭೀರ ಪರೀಕ್ಷೆಗೆ ಯೋಗ್ಯವಾದದ್ದು 1974ರ ಹಿಂದಿ ರೂಪ ‘ಜಹ್ರೀಲಾ ಇನ್ಸಾನ್’. ನಿರ್ದೇಶಕರು ಪುಟ್ಟಣ್ಣನವರೇ, ಕೋಟೆಯೂ ದುರ್ಗದ್ದೇ, ಪುಂಡ ಜಲೀಲನ ಪಾತ್ರಕ್ಕೆ ಮತ್ತೆ ಅಂಬರೀಶ್. ಸಂಗೀತ ಆರ್.ಡಿ. ಬರ್ಮನ್ನರದು, ಮೇಷ್ಟ್ರಾಗಿ ಪ್ರಾಣ್. ಇಷ್ಟಿದ್ದೂ ಚಿತ್ರ ಸೋತಿತು. ‘ಬಾಬಿ’ಯ ಮುದ್ದುಮುಖದ ರಿಷಿ ಕಪೂರ್‌ಗೆ ರಾಮಾಚಾರಿಯ ರೋಷ ಒಗ್ಗಲಿಲ್ಲ ಎಂಬುದು ಇದಕ್ಕೆ ರೂಢಿಯ ವಿವರಣೆ. ಇದು ಸೋಮಾರಿ ವಿಮರ್ಶೆ. 1972ರಲ್ಲಿ ವಿಷ್ಣುವರ್ಧನ್ ಕೂಡ ನಾಯಕನಾಗಿ ಹೊಸ ಮುಖವೇ. ಆ ಮುಖಕ್ಕೆ ರೋಷ ತುಂಬಿದ್ದು ಸುತ್ತಲಿನ ಊರು: ಮಡಿವಂತ ಅಪ್ಪ, ಕಾಲೇಜಿನ ಶಿಸ್ತು, ಜಾತಿಯ ಬೇಲಿ, ಎಲ್ಲರ ಸಂಗತಿ ಎಲ್ಲರಿಗೂ ಗೊತ್ತಿರುವ ಬೀದಿಗಳು.

ಚಾಮಯ್ಯ ಮೇಷ್ಟ್ರ ಮಾತು ಕಥೆಯಲ್ಲಿ ಎರಡು ಸಲ ಕೆಲಸ ಮಾಡುವ ಬಗೆಯನ್ನು ನೋಡಿದರೆ ಇದು ಸ್ಪಷ್ಟ. ಪ್ರೀತಿಸಿದ ಅಲಮೇಲುವನ್ನು ಬಿಟ್ಟುಬಿಡು ಎಂದಾಗ ರಾಮಾಚಾರಿ ಬಿಡುತ್ತಾನೆ. ತಂದೆಗೂ ಬಗ್ಗದವನು ಈ ಒಬ್ಬರಿಗೆ ಬಗ್ಗುತ್ತಾನೆ; ಮಕ್ಕಳಿಲ್ಲದ ಮೇಷ್ಟ್ರು ಮತ್ತು ಅವರ ಹೆಂಡತಿ ತುಂಗಮ್ಮನಿಗೆ ಅವನೇ ಮಗ. ಮುಂದೆ ಅದೇ ಅಲಮೇಲು ಹೋಟೆಲಿನ ಕೋಣೆಯಲ್ಲಿ ಮೈ ಮಾರಿಕೊಳ್ಳುವ ಸ್ಥಿತಿಯಲ್ಲಿ ಎದುರಾಗುತ್ತಾಳೆ. ಗುರುವಿನ ಮಾತು ತಪ್ಪಾಗಿತ್ತು ಎಂಬುದಕ್ಕೆ ಇದಕ್ಕಿಂತ ಕ್ರೂರ ಸಾಕ್ಷಿ ಬೇಕಿಲ್ಲ. ಆಮೇಲೆ ಪ್ರೀತಿಸಿದ ಮಾರ್ಗರೆಟ್ ವಿಷಯದಲ್ಲಿ ಮೇಷ್ಟ್ರು ಮತ್ತೆ ಅಡ್ಡ ಬಂದಾಗ ಶಿಷ್ಯ ಸಿಡಿಯುತ್ತಾನೆ, ಮೇಷ್ಟ್ರು ಬೆಟ್ಟದಿಂದ ಬಿದ್ದು ಸಾಯುತ್ತಾರೆ. ಚಿತ್ರದ ಹೊಡೆದಾಟಗಳೆಲ್ಲ ಈ ಒಂದು ಕ್ಷಣದ ಮುಂದೆ ಸಪ್ಪೆ. ರಾಮಾಚಾರಿಯ ಸಿಟ್ಟು ಖಳನ ಮೇಲಿನದಲ್ಲ. ಅವನು ಅತ್ಯಂತ ಪ್ರೀತಿಸಿದವರ ಮೇಲಿನದು.

ಹಿಂದಿಯಲ್ಲಿ ಘಟನೆಗಳು ಉಳಿದವು, ಅವುಗಳ ಒತ್ತಡ ಹೋಯಿತು. ಮೂಲದಲ್ಲಿ ಜಯಂತಿ ಅಭಿನಯದ ಓಬವ್ವನ ಹಾಡು ಕಥೆಯನ್ನು ಒಂದಿಂಚೂ ಮುಂದಕ್ಕೆ ಒಯ್ಯುವುದಿಲ್ಲ. ಆದರೆ ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದವಳ ನೆನಪು ಆ ಬಂಡೆಗಳಿಗೆ ಅಂಟಿಕೊಂಡಿದೆ. ಇಲ್ಲಿ ಹಟ ಊರಿನ ಗುಣ ಎಂದು ಪ್ರೇಕ್ಷಕ ಒಪ್ಪುವುದು ಆ ಹಾಡಿನಿಂದ. ಓಬವ್ವ ಯಾರೆಂದೇ ತಿಳಿಯದ ಪ್ರೇಕ್ಷಕನಿಗೆ ದುರ್ಗದ ಕೋಟೆ ಪ್ರಣಯಗೀತೆಯ ಚೆಂದದ ಹಿನ್ನೆಲೆ ಮಾತ್ರ.

ತಳುಕಿನ ಮನೆತನದ ತ.ರಾ.ಸು. ತಮ್ಮ ಮೂರು ಕಾದಂಬರಿಗಳನ್ನು ಬೆಸೆದ ಕನ್ನಡ ಚಿತ್ರದ ಬಗ್ಗೆಯೇ, ನಾಗರಹಾವು ಕೇರೆಹಾವಾಯಿತೆಂದು ಅಸಮಾಧಾನಗೊಂಡಿದ್ದರು ಎಂಬ ಮಾತು ಪ್ರಸಿದ್ಧ. ಕಾದಂಬರಿಕಾರರ ನೋವು ಸಹಜ, ತೀರ್ಪು ಮಾತ್ರ ಅತಿಯಾಯಿತು. ದುರ್ಗದ ಇತಿಹಾಸವನ್ನು ಕಾದಂಬರಿಯಾಗಿಸಿದ ಲೇಖಕರ ನೆಲದ ಪ್ರಜ್ಞೆಯನ್ನು ಪುಟ್ಟಣ್ಣ ಕನ್ನಡದಲ್ಲಿ ಬಿಟ್ಟುಕೊಟ್ಟಿರಲಿಲ್ಲ.

ನಂತರದವು ಬೇಗ ಮುಗಿಯುವ ಲೆಕ್ಕ. 1991ರ ‘ರಾಮಾಚಾರಿ’ ಯಶಸ್ವಿ ಚಿತ್ರ, ಆದರೆ ತಮಿಳಿನ ‘ಚಿನ್ನ ತಂಬಿ’ಯ ಕಥೆಗೆ ಹೆಸರು ಮಾತ್ರ ದುರ್ಗದ್ದು. ಜಲೀಲನ ಬಾಯಿಮಾತು 2013ರಲ್ಲಿ ‘ಬುಲ್‌ಬುಲ್’ ಎಂಬ ಶೀರ್ಷಿಕೆಯಾಯಿತು. 2014ರ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಇವುಗಳಲ್ಲಿ ಪ್ರಾಮಾಣಿಕ. ಅದರ ನಾಯಕ ತಾನು ವಿಷ್ಣುವರ್ಧನ್ ಅಭಿಮಾನಿ ಎಂದು ಒಪ್ಪಿಕೊಂಡೇ ಆ ಸಿಟ್ಟನ್ನು ಅನುಕರಿಸುತ್ತಾನೆ. 2016ರ ‘ನಾಗರಹಾವು’ ಗತಿಸಿದ ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸ್‌ನಲ್ಲಿ ಎಬ್ಬಿಸಿ ಕೊನೆಯ ಕಾದಾಟಕ್ಕೆ ನಿಲ್ಲಿಸಿತು. ಹೆಸರು, ಮುಖ ಎರಡೂ ಅದಕ್ಕೆ ದಕ್ಕಿದವು, ಆದರೆ ಎದುರು ನಿಂತು ಬೇಡ ಎನ್ನುವ ಮೇಷ್ಟ್ರು ಅಲ್ಲಿಲ್ಲ. ಎರಡು ವರ್ಷಗಳ ಬಳಿಕ, 2018ರಲ್ಲಿ, ಹಳೆಯ ಚಿತ್ರವೇ ಹೊಸ ಧ್ವನಿವಿನ್ಯಾಸದೊಂದಿಗೆ ಚಿತ್ರಮಂದಿರಗಳಿಗೆ ಮರಳಿತು.